ಕಾರು ಕೊಂಡವರು ನೀವು, ದಾಖಲೆಯಲ್ಲಿರುವವರು ಯಾರು?

ಕೇರಳದ ವಿಳಿಂಜಂ ಬಂದರಿನಲ್ಲಿ ಕೆಲಸ ಸಿಕ್ಕಿ ಮಂಗಳೂರಿನಿಂದ ಹೋದವರೊಬ್ಬರು ಎಂದಿಟ್ಟುಕೊಳ್ಳಿ. ಪಾಳಿ ಮುಗಿಯುವುದು ಹೊತ್ತಲ್ಲದ ಹೊತ್ತಿಗೆ, ಬಸ್ಸಿಗೆ ಕಾದು ಸಾಕಾಗಿದೆ. ಪರಿಚಯದವರ ಪರಿಚಯದ ಬ್ರೋಕರ್ ಕೊಚ್ಚಿಯಿಂದ ತಂದ ಹಳೆಯ ಸ್ವಿಫ್ಟ್ ತೋರಿಸುತ್ತಾನೆ. ಬೆಲೆ ಬೇರೆಡೆಗಿಂತ ಅರವತ್ತು ಸಾವಿರ ಕಡಿಮೆ. ಎರಡೂ ಕೀಲಿ ಇವೆ, ಟೈರು ಹೊಸದು, ಎ.ಸಿ. ತಣ್ಣಗಿದೆ. ಇಲ್ಲದ್ದು ಒಂದೇ, ಆರ್‌ಸಿ. "ಅದು ಮುಂದಿನ ವಾರ ಬರುತ್ತೆ ಸಾರ್, ಅಗ್ರಿಮೆಂಟ್ ಇದೆಯಲ್ಲ!"

ಮುಂದಿನ ವಾರ ಬರುವುದಿಲ್ಲ. ಆಮೇಲೆ ಬ್ರೋಕರ್ ಫೋನೂ ಎತ್ತುವುದಿಲ್ಲ. ಆಗ ಸಿಗುವುದು ಪುಕ್ಕಟೆ ಸಲಹೆಗಳು. ಕೊಚ್ಚಿ, ಕಾಸರಗೋಡು, ಬೆಂಗಳೂರು ಎನ್ನದೆ ಎಲ್ಲ ಕಡೆ ಕೇಳಿಬರುವ ಕೆಲವನ್ನು ಇಲ್ಲಿ ನೋಡೋಣ.

"ಸ್ಟಾಂಪ್ ಪೇಪರಿನಲ್ಲಿ ಬರೆಸಿ ನೋಟರಿ ಮಾಡಿಸಿದರೆ ಕಾರು ನಮ್ಮದಾಯಿತು"

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ ಇದು. ಅರ್ಧ ಸತ್ಯ ಇದರಲ್ಲಿದೆ. ಕೊಟ್ಟವನಿಗೂ ಕೊಂಡವನಿಗೂ ನಡುವೆ ವ್ಯಾಪಾರ ನಡೆದದ್ದಕ್ಕೆ ಆ ಕಾಗದ ಸಾಕ್ಷಿ, ಅದನ್ನು ಹರಿದು ಹಾಕಬೇಡಿ. ಆದರೆ 1988ರ ಮೋಟಾರು ವಾಹನ ಕಾಯ್ದೆಯ ಕಣ್ಣಿಗೆ ಮಾಲೀಕ ಎಂದರೆ ನೋಂದಣಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರು. ಮಾರಿದವರು ಅದೇ ರಾಜ್ಯದೊಳಗಾದರೆ 14 ದಿನಗಳಲ್ಲಿ, ಹೊರರಾಜ್ಯಕ್ಕಾದರೆ 45 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವರಿಗೆ ಇರುವ ಗಡುವು 30 ದಿನ. ಇದಕ್ಕೆ ಬೇಕಾದದ್ದು ಫಾರಂ 29 ಮತ್ತು 30, ಸ್ಟಾಂಪ್ ಪೇಪರಲ್ಲ.

ಹೆಸರು ಬದಲಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟಿನ 2018ರ ಫೆಬ್ರುವರಿ 6ರ ತೀರ್ಪು ನೋಡಬೇಕು. ಒಂದು ಕಾರು ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿತ್ತು, ದಾಖಲೆಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿದಿತ್ತು. ಆ ಕಾರು ಹಿಂದಕ್ಕೆ ಬಂದು ಮಗುವೊಂದು ಸತ್ತಿತು, ವಿಮೆ ಇರಲಿಲ್ಲ. ಪರಿಹಾರ ಕೊಡಬೇಕಾದವರು ದಾಖಲೆಯಲ್ಲಿರುವವರೇ ಎಂದಿತು ಕೋರ್ಟು. ಕಾರು ಮಾರಿ ವರ್ಷವೇ ಕಳೆದಿತ್ತು ಎಂಬ ವಾದ ನಡೆಯಲಿಲ್ಲ. 2025ರ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆ ಬಳಿ ಸ್ಫೋಟಗೊಂಡ ಕಾರು ಕೂಡ ಹಲವು ಕೈ ದಾಟಿ ಹೋದದ್ದು. ಪೊಲೀಸರು ಮೊದಲು ವಿಚಾರಿಸಿದ್ದು ದಾಖಲೆಯಲ್ಲಿದ್ದ ಹೆಸರಿನವರನ್ನು.

ಇದು ಮಾರಿದವರ ತಲೆನೋವು, ನಮಗೇನು ಎನ್ನಬೇಡಿ. ಇದೇ ನಿಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ. ಕೇರಳದ ರಸ್ತೆಗಳಲ್ಲಿ 726 ಕ್ಯಾಮೆರಾಗಳಿವೆ, 2023ರ ಜೂನ್ 5ರಿಂದ ಅವು ದಂಡ ಹಾಕುತ್ತಿವೆ. ಸೀಟ್ ಬೆಲ್ಟ್ ಹಾಕದೆ ನೀವು ಓಡಿಸಿದರೆ ಚಲನ್ ಹೋಗುವುದು ದಾಖಲೆಯ ಮಾಲೀಕರ ಫೋನಿಗೆ. ಅವರನ್ನು ಹುಡುಕಿ, "ಸರ್, ಹೆಸರು ಬದಲಾಗುವವರೆಗೆ ಇದರ ಅಪಘಾತವೂ ದಂಡವೂ ನಿಮ್ಮ ತಲೆಗೆ" ಎಂದು ಸಮಾಧಾನದಿಂದ ಹೇಳಿ. ಎರಡು ಸಹಿ ಹಾಕಲು ಸೋಮಾರಿತನ ಮಾಡುತ್ತಿದ್ದವರು ಬಹುತೇಕ ಎದ್ದು ಬರುತ್ತಾರೆ.

"ಆರ್‌ಸಿ ಕಳೆದಿದೆ ಅಷ್ಟೇ, ನಾವೇ ಡ್ಯೂಪ್ಲಿಕೇಟ್ ಮಾಡಿಸಬಹುದು"

ಆಗುವುದಿಲ್ಲ. ಆರ್‌ಸಿ ಕಳೆದುಹೋದ ಬಗ್ಗೆ ಪೊಲೀಸರಿಗೆ ತಿಳಿಸಿ ಫಾರಂ 26ರಲ್ಲಿ ಅರ್ಜಿ ಹಾಕಬೇಕಾದವರು ದಾಖಲೆಯ ಮಾಲೀಕರು. ಈಗ ಅರ್ಜಿಗಳೆಲ್ಲ ಪರಿವಾಹನ್ ಪೋರ್ಟಲ್‌ನಲ್ಲಿ, ಒಟಿಪಿ ಬರುವುದು ಅವರ ಮೊಬೈಲಿಗೆ. "ನಾನು ಮಾಡಿಸಿಕೊಡ್ತೇನೆ" ಎಂದು ಏಜೆಂಟ್ ಹಣ ಕೇಳಿದರೆ, ಒಟಿಪಿ ಯಾರು ಕೊಡುತ್ತಾರೆ ಎಂದು ಮೊದಲು ಕೇಳಿ.

ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಮೊದಲು ಫಾರಂ 31ರ ಮೂಲಕ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ನಿಮ್ಮ ಸರದಿ ಆಮೇಲೆ. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬರದೆ ಯಾವುದೂ ಮುಂದೆ ಹೋಗದು. ಆರ್‌ಸಿ "ಮುಂದಿನ ವಾರ ಬರುತ್ತೆ" ಎನ್ನುವ ಮಾತಿನ ಹಿಂದೆ ಎಷ್ಟೋ ಸಲ ಇರುವುದು ತೀರದ ಸಾಲವೇ.

"ಆರ್‌ಸಿ ಇದ್ದರೆ ಮತ್ತೇನೂ ನೋಡಬೇಕಿಲ್ಲ"

ಕಾಗದ ಕೈಯಲ್ಲಿ ಇಲ್ಲದಿರುವುದೇ ಕಳ್ಳತನದ ಗುರುತಲ್ಲ; ಡಿಜಿಲಾಕರ್, ಎಂಪರಿವಾಹನ್‌ನಲ್ಲಿರುವ ಆರ್‌ಸಿಯೂ ಕಾನೂನಿಗೆ ಸಮ್ಮತ. ಕಾಗದ ಇರುವುದು ಪ್ರಾಮಾಣಿಕತೆಯ ಗುರುತೂ ಅಲ್ಲ. ಕೊಚ್ಚಿಯ ಕಸ್ಟಮ್ಸ್ ಅಧಿಕಾರಿಗಳು 2025ರ ಸೆಪ್ಟೆಂಬರ್ 23ರಂದು 'ಆಪರೇಷನ್ ನುಂಖೋರ್' ಹೆಸರಿನಲ್ಲಿ ಕೇರಳದ ಹಲವೆಡೆ ಶೋಧ ನಡೆಸಿ ಮೊದಲ ದಿನವೇ 36 ವಾಹನಗಳನ್ನು ವಶಪಡಿಸಿಕೊಂಡರು. ಹಳೆಯ ದುಬಾರಿ ಕಾರುಗಳನ್ನು ಭೂತಾನಿನಿಂದ ಕಳ್ಳದಾರಿಯಲ್ಲಿ ತಂದು, ಸೇನೆ ಮತ್ತು ರಾಯಭಾರ ಕಚೇರಿಗಳ ಹೆಸರಿನ ನಕಲಿ ಪತ್ರ ತೋರಿಸಿ ನೋಂದಣಿ ಮಾಡಿಸಲಾಗಿದೆ ಎಂಬುದು ಆರೋಪ. ಕೈಯಲ್ಲಿ ಆರ್‌ಸಿ ಇದ್ದ ಮನೆಗಳಿಂದಲೂ ಕಾರು ಹೋಯಿತು.

ಹಾಗಾಗಿ ಮೊದಲು ಚಾಸಿ ನಂಬರ್. ಪರಿವಾಹನ್‌ನಲ್ಲಿ ವಾಹನದ ನಂಬರ್ ಹಾಕಿದರೆ ಸಾಲ, ವಿಮೆ, ನೋಂದಣಿಯ ಅವಧಿ ಎಲ್ಲ ತಿಳಿಯುತ್ತದೆ. ಆದರೆ ಅದು ನಂಬರ್ ಪ್ಲೇಟಿನ ಕಥೆ, ಪ್ಲೇಟನ್ನು ಯಾರು ಬೇಕಾದರೂ ಬದಲಿಸಬಹುದು. ಕಾರಿನ ಮೈಮೇಲೆ ಕೊರೆದ 17 ಅಕ್ಷರ-ಅಂಕಿಗಳನ್ನು ಕಣ್ಣಾರೆ ನೋಡಿ. ಬಟ್ಟೆಯಿಂದ ಒರೆಸಿ, ತೆಳ್ಳಗಿನ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಕಾರನ್ನು ಬೇರೆ ರಾಜ್ಯಕ್ಕೆ ಒಯ್ಯಲು ಆರ್‌ಟಿಒ ಎನ್‌ಒಸಿ ಕೇಳುವ ಫಾರಂ 28ಕ್ಕೂ ಆ ಅಚ್ಚು ಬೇಕು. ಒಂದು ಅಂಕಿ ಆಳ, ಪಕ್ಕದ್ದು ತೇಲು, ಸಾಲು ವಕ್ರ, ಸುತ್ತ ಹೊಸ ಬಣ್ಣ ಎಂದಾದರೆ ಅನುಮಾನ ಪಡಿ. ವಿಳಿಂಜಂನಂಥ ಕಡಲ ಗಾಳಿಯ ಊರಿನಲ್ಲಿ ತುಕ್ಕು ಸಹಜ, ಆದರೆ ತುಕ್ಕು ಸುತ್ತಲೂ ಹರಡಿರುತ್ತದೆ, ಅಂಕಿಯನ್ನಷ್ಟೇ ಹುಡುಕಿ ತಿನ್ನುವುದಿಲ್ಲ. ಈ ನಂಬರಿನಲ್ಲಿ ಐ, ಒ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಬಳಕೆಯಲ್ಲಿಲ್ಲ. 1, 0ಗಳೊಂದಿಗೆ ಗೊಂದಲವಾಗುತ್ತದೆಂದು ಬಿಟ್ಟಿದ್ದಾರೆ. ಅವು ಕಂಡರೆ ಅಲ್ಲಿ ಏನೋ ನಡೆದಿದೆ.

"ಗೊತ್ತಿಲ್ಲದೆ ಕೊಂಡೆ, ಹಣ ಕೊಟ್ಟಿದ್ದೇನೆ, ಕಾರು ನನ್ನದೇ"

ಕದ್ದ ಮಾಲಿಗೆ ಈ ಮಾತು ಸಲ್ಲದು. ಮಾರುವವನಿಗೆ ಇಲ್ಲದ ಹಕ್ಕು ಕೊಳ್ಳುವವನಿಗೆ ಬರುವುದಿಲ್ಲ ಎಂಬುದು 1930ರ ಸರಕು ಮಾರಾಟ ಕಾಯ್ದೆಯಲ್ಲೇ ಇದೆ. ನಿಮಗೆ ಗೊತ್ತಿರಲಿಲ್ಲ ಎಂಬುದು ಶಿಕ್ಷೆಯಿಂದ ಪಾರು ಮಾಡಬಹುದು, ಕಾರನ್ನು ಉಳಿಸಿಕೊಡುವುದಿಲ್ಲ. ಅನುಮಾನ ಬಂದ ಮೇಲೂ ಸುಮ್ಮನೆ ಇಟ್ಟುಕೊಂಡರೆ ಮಾತ್ರ ಗೊತ್ತಿರಲಿಲ್ಲ ಎನ್ನುವುದೂ ಕಷ್ಟ. ಅಂಕಿ ತಾಳೆಯಾಗದಿದ್ದರೆ ಕಾರನ್ನು ಮತ್ತೊಬ್ಬರಿಗೆ ದಾಟಿಸದೆ, ಅಗ್ರಿಮೆಂಟ್, ಹಣ ಕಳಿಸಿದ ದಾಖಲೆ, ಬ್ರೋಕರನ ವಾಟ್ಸ್ಯಾಪ್ ಸಂದೇಶ ಎಲ್ಲ ಹಿಡಿದು ಪೊಲೀಸ್ ಠಾಣೆಗೆ ನೀವೇ ಹೋಗಿ.

"ವಿಮೆ ಚಾಲ್ತಿಯಲ್ಲಿದೆ, ಭಯವಿಲ್ಲ"

ಎದುರಿನವರಿಗೆ ಆದ ಹಾನಿಯ ಮಟ್ಟಿಗೆ ವಿಮೆ ಕಾರಿನ ಜೊತೆಗೇ ಬರುತ್ತದೆ. ನಿಮ್ಮ ಕಾರಿನ ರಿಪೇರಿಗೆ ಹಾಗಲ್ಲ, 14 ದಿನಗಳಲ್ಲಿ ವಿಮೆ ಕಂಪನಿಗೆ ತಿಳಿಸಿ ಹೆಸರು ಬದಲಿಸಿಕೊಳ್ಳಬೇಕು. ಓಡಿಸುವ ಮಾಲೀಕರ ಅಪಘಾತ ವಿಮೆ ದಾಖಲೆಯ ಮಾಲೀಕರಿಗೆ ಮಾತ್ರ. ನೋ ಕ್ಲೇಮ್ ಬೋನಸ್ಸೂ ಹಳೆಯವರದ್ದೇ.

ಡೀಲರ್‌ನಿಂದ ಕೊಂಡಿದ್ದರೆ ಒಂದು ಅನುಕೂಲವಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಹಳೆಯ ವಾಹನ ಮಾರುವವರು ಆರ್‌ಟಿಒ ಅಧಿಕಾರಪತ್ರ ಪಡೆದಿರಬೇಕು, ಕಾರು ತಮ್ಮ ಕೈಗೆ ಬಂದದ್ದನ್ನು ಫಾರಂ 29ಸಿ ಮೂಲಕ ದಾಖಲಿಸಬೇಕು. ಆಮೇಲೆ ಕಾರಿನ ಜವಾಬ್ದಾರಿ ಅವರದು. ಆ ದಾಖಲೆ ತೋರಿಸಿ ಎಂದು ಕೇಳಿ. ತೋರಿಸದಿದ್ದರೆ ಗ್ರಾಹಕರ ಆಯೋಗದ ಬಾಗಿಲು ತೆರೆದಿದೆ. ಬರಿಯ ಬ್ರೋಕರಿನಿಂದ ಕೊಂಡು, ಮಾಲೀಕರೂ ಸಿಗದಿದ್ದರೆ ಉಳಿಯುವುದು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಮತ್ತು ಸಿವಿಲ್ ಕೋರ್ಟು. ಹಳೆಯ ಸ್ವಿಫ್ಟಿಗೆ ಅಷ್ಟು ವರ್ಷ ಅಲೆಯುವುದು ಲಾಭವೇ ಎಂದು ಮೊದಲೇ ಲೆಕ್ಕ ಹಾಕಿ.

ಊರಿಗೆ ಮರಳುವಾಗ ಕಾರನ್ನೂ ಕರ್ನಾಟಕಕ್ಕೆ ತರುವ ಯೋಚನೆ ಇದ್ದರೆ ಕೇರಳದ ಆರ್‌ಟಿಒದಿಂದ ಎನ್‌ಒಸಿ ಬೇಕು, 12 ತಿಂಗಳು ಮೀರಿ ಇಟ್ಟುಕೊಂಡರೆ ಇಲ್ಲಿಯ ನಂಬರ್ ಪಡೆಯಬೇಕು, ತೆರಿಗೆ ಕಟ್ಟಬೇಕು. ಇನ್ನೂ ಕೊಂಡಿಲ್ಲದವರಿಗೆ ಒಂದು ಮಾತು: ಪೂರ್ತಿ ಹಣ ಕೈಬಿಡಬೇಡಿ. ಕೊನೆಯ ಕಂತನ್ನು ಪರಿವಾಹನ್ ದಾಖಲೆಯಲ್ಲಿ ನಿಮ್ಮ ಹೆಸರು ಕಂಡ ದಿನ ಕೊಡಿ.