ಬೋರ್ಡೋ ಸೀಮೆಗೆ ಯಾಕೆ ಸ್ವಾಮೀ, ಹೊಸನಗರದ ಬಸ್ ಹತ್ತಿ!

ಗಾಂಧಿನಗರದ ಮಿತ್ರರೊಬ್ಬರು ಹಾಡಿನ ಚಿತ್ರೀಕರಣ ಮುಗಿಸಿ ಫ್ರಾನ್ಸಿನಿಂದ ಬಂದಿಳಿದರು. ಹಾಡು ಹೇಗೆ ಬಂತು ಅಂತ ಕೇಳಿದರೆ ಆ ಮಾತೇ ಇಲ್ಲ! ಬರೀ ಊಟದ ಮಾತು, ಮಲಗಿದ ಕೋಣೆಯ ಮಾತು. ಬೋರ್ಡೋ ಎಂಬ ಸೀಮೆಯಂತೆ, ಕಣ್ಣು ಹರಿದಷ್ಟೂ ದ್ರಾಕ್ಷಿ ತೋಟವಂತೆ, ತೋಟದ ನಡುವೆ ಹಳೇ ಕಲ್ಲಿನ ಮನೆಯಂತೆ. ಮನೆ ಯಜಮಾನನೇ ಬಾಗಿಲು ತೆಗೆದು, ತನ್ನ ಮೇಜಿಗೇ ಕೂರಿಸಿಕೊಂಡು, ತನ್ನ ತೋಟದ್ದೇ ವೈನು ಬಗ್ಗಿಸಿಕೊಟ್ಟನಂತೆ.

"ನಮ್ಮಲ್ಲಿ ಇಂಥದ್ದೆಲ್ಲಿದೆ ಗುರುವೇ?" ಅಂದರು.

ನನಗೆ ನಗು ಬಂತು. "ಬೋರ್ಡೋ ಅಂದ್ರೆ ಹೊಸನಗರದಲ್ಲಿ ಅಡಿಕೆ ಮರ ಹತ್ತೋ ಆಳಿಗೂ ಗೊತ್ತು" ಅಂದೆ. ಅವರು ಕಣ್ಣು ಕಣ್ಣು ಬಿಟ್ಟರು.

ತಮಾಷೆಯಲ್ಲ ಓದುಗರೇ, ಕೇಳಿ. ಬೋರ್ಡೋ ಸೀಮೆಯಲ್ಲಿ ರಸ್ತೆ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕಿತ್ತು ತಿನ್ನುತ್ತಿದ್ದರು. ವಿಷ ಹಚ್ಚಿದೆ ಅಂತ ಹೆದರಲಿ ಎಂದು ತೋಟದವರು ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ಕಳ್ಳರು ಹೆದರಿದರೋ ಇಲ್ಲವೋ, ಬಳ್ಳಿಯ ಬೂಷ್ಟು ರೋಗ ಮಾತ್ರ ಹೆದರಿ ಓಡಿತು! ಅದನ್ನು ಗಮನಿಸಿದ ಮಿಲಾರ್ದೆ ಎಂಬ ಪ್ರಾಧ್ಯಾಪಕ 1885ರಲ್ಲಿ ಅದನ್ನೇ ಔಷಧಿಯೆಂದು ಪ್ರಕಟಿಸಿದ. ಇತ್ತ ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಸಾಹೇಬರು ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಇದಕ್ಕೂ ಅದೇ ಮದ್ದು ಅಂದರು. ಅಲ್ಲಿಯವರೆಗೆ ಮಳೆಗಾಲಕ್ಕೆ ಮುಂಚೆ ಗೊನೆಗೆ ಹಾಳೆಯ ಕೊಟ್ಟೆ ಕಟ್ಟುವುದೊಂದೇ ಉಪಾಯವಾಗಿತ್ತು. ಇವತ್ತಿಗೂ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ... ಅದೇ ಬೋರ್ಡೋ ದ್ರಾವಣ. ಅವರ ದ್ರಾಕ್ಷಿ, ನಮ್ಮ ಅಡಿಕೆ ಒಂದೇ ಡಾಕ್ಟರ ಹತ್ತಿರ ಔಷಧಿ ತಗೊಂಡವು!

ಹಾಗಾದರೆ ಉಳಿದುಕೊಳ್ಳುವುದು, ಉಣ್ಣುವುದು? ಅದನ್ನು ನೋಡಿಯೇ ಬರೋಣವೆಂದು ಕಳೆದ ನವೆಂಬರಿನಲ್ಲಿ ಹೆಗಲಿಗೆ ಬ್ಯಾಗ್ ಏರಿಸಿದೆ.

ನಿಜ ಹೇಳಿಬಿಡುತ್ತೇನೆ, ಇನ್ನೊಂದು ಕಾರಣವೂ ಇತ್ತು. ಹಳೇ ಸಾಲ.

1988ರ ಮಾತು. ನಾನಿನ್ನೂ ಮರಿ ವರದಿಗಾರ. ಚಿತ್ರತಂಡವೊಂದನ್ನು ಹುಡುಕಿಕೊಂಡು ಹೊಸನಗರ ತಾಲ್ಲೂಕಿನ ಒಳಗೆ ಹೋದವನಿಗೆ ತಂಡವೂ ಸಿಗಲಿಲ್ಲ, ಸಂಜೆಯ ಕೊನೇ ಬಸ್ಸೂ ಸಿಗಲಿಲ್ಲ. ಕತ್ತಲು. ಯಾರೋ ಬೆಟ್ಟು ಮಾಡಿ ತೋರಿಸಿದ ದೀಪದ ಕಡೆ ನಡೆದೆ. ಅಡಿಕೆ ಸುಲಿಯುವ ಕಾಲ. ಜಗಲಿಯಲ್ಲಿ ಗ್ಯಾಸ್‌ಲೈಟಿನ ಬೆಳಕಿಗೆ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಮುಂದೆ ಕೂತಿದ್ದರು. ಯಾರು, ಯಾವ ಜನ, ಏನು ಕೆಲಸ ಅಂತ ಕೇಳುವ ಮೊದಲೇ ಮನೆಯ ಅಮ್ಮ, "ಆಸ್ರಿಗೆ ಎಂತ ಕೊಡ್ಲಿ?" ಅಂದರು. ಬಚ್ಚಲಲ್ಲಿ ಹಂಡೆ ತುಂಬ ಬಿಸಿನೀರು, ಬಾಳೆ ಎಲೆ ಮೇಲೆ ಬಿಸಿ ಅನ್ನ, ಅಪ್ಪೆಹುಳಿ. ಉಂಡು ಮಲಗಿದವನಿಗೆ ಮಾಳಿಗೆಯಲ್ಲಿ ಬೆಳಗಾದದ್ದೇ ಗೊತ್ತಾಗಲಿಲ್ಲ.

ಹೊರಡುವಾಗ ಇಪ್ಪತ್ತರ ನೋಟು ತೆಗೆದೆ. ಅಮ್ಮನ ಮುಖ ಕೆಂಪಾಯಿತು.

"ಅನ್ನಕ್ಕೆ ದುಡ್ಡಾ? ಒಳಗಿಟ್ಕಳಿ ಮಾರಾಯ್ರೆ!"

ಆ ನೋಟು ಇಷ್ಟು ವರ್ಷ ಮನಸ್ಸಿನೊಳಗೇ ಇತ್ತು.

ಈ ಸಲ ಮೊದಲು ಇಳಿದದ್ದು ತೀರ್ಥಹಳ್ಳಿಯಲ್ಲಿ. ಪೇಟೆಯ ಒಂದು ಲಾಡ್ಜಿನಲ್ಲಿ ರಾತ್ರಿ ಕಳೆದೆ. ಆ ಹಾಸಿಗೆಯ ವಿಷಯ ಬರೆದರೆ ನಿಮ್ಮ ಮೈ ತುರಿಸೀತು, ಬೇಡ ಬಿಡಿ. ಮರುದಿನ ಆಗುಂಬೆ ಕಡೆಯ ಒಕ್ಕಲಿಗರ ಮನೆಯಲ್ಲಿ ಊಟ: ಹಬೆಯಾಡುವ ಅಕ್ಕಿ ಕಡುಬು, ನಾಟಿಕೋಳಿ ಸಾರು. ಕಡುಬನ್ನು ಮುರಿದು ಸಾರಿನಲ್ಲಿ ನೆನೆಯಲು ಬಿಡಬೇಕು, ಅವಸರ ಮಾಡಬಾರದು. ಮಳೆಗಾಲವಾದರೆ ಏಡಿ, ಅಣಬೆ, ಕಳಲೆ... ಮಳೆ ಅಂದರೆ ಎಂಥ ಮಳೆ? ಆಗುಂಬೆಯ ವಾರ್ಷಿಕ ಸರಾಸರಿಯೇ 7,000 ಮಿಲಿಮೀಟರ್ ದಾಟುತ್ತದೆ! ಶಂಕರ್‌ನಾಗ್ ತಮ್ಮ 'ಮಾಲ್ಗುಡಿ ಡೇಸ್'ಗೆ ಇದೇ ಆಗುಂಬೆಯನ್ನು ಮಾಲ್ಗುಡಿ ಮಾಡಿದ್ದರು. ಚಿತ್ರರಸಿಕರಿಗೆ ಈ ತಾಲ್ಲೂಕು ಹೊಸದೇನೂ ಅಲ್ಲ. 1977ರ ಸಾಲಿನ ಸ್ವರ್ಣಕಮಲ ಗೆದ್ದ 'ಘಟಶ್ರಾದ್ಧ'ದ ನಿರ್ದೇಶಕ ಗಿರೀಶ್ ಕಾಸರವಳ್ಳಿ ಇಲ್ಲಿಯ ಕೆಸಲೂರಿನವರು, ಕಥೆ ಬರೆದ ಅನಂತಮೂರ್ತಿ ಮೇಳಿಗೆಯವರು.

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಅರ್ಧ ದಿನ ನಿಂತೆ. ಅಡಿಕೆ ಕೃಷಿಕರೇ ಆಗಿದ್ದ ಕೆ.ವಿ. ಸುಬ್ಬಣ್ಣ ಮತ್ತು ಅವರ ಗೆಳೆಯರು 1949ರಲ್ಲಿ ಕಟ್ಟಿದ ನೀನಾಸಂ ಅಲ್ಲಿದೆ. ಹಳ್ಳಿಯವರಿಗೆ ಜಗತ್ತಿನ ದೊಡ್ಡ ದೊಡ್ಡ ಸಿನಿಮಾ ತೋರಿಸಿದ ಮಹಾರಾಯರು ಅವರು. ಸಾಗರಕ್ಕೆ ರೈಲಿದೆ, ತೀರ್ಥಹಳ್ಳಿ, ಹೊಸನಗರಕ್ಕೆ ಬಸ್ಸೇ ಗತಿ. ಹಾಗಾಗಿ ಬಸ್ ಹತ್ತಿದೆ.

ಆ ಮನೆ ಸಿಕ್ಕಿತು! ಆದರೆ ದಣಪೆಯ ಪಕ್ಕ ಒಂದು ಬೋರ್ಡು: 'ಹೋಂ ಸ್ಟೇ'.

ಎದೆಗೆ ಏನೋ ಚುಚ್ಚಿದಂತಾಯಿತು. ಅನ್ನಕ್ಕೆ ದುಡ್ಡಾ ಅಂದ ಮನೆಯಲ್ಲವೇ ಇದು? ಸೊಸೆ ಹೊರಗೆ ಬಂದರು. "ಬನ್ನಿ ಸರ್, ಫೋನ್ ಮಾಡಿದ್ದೋರು ನೀವೇ ಅಲ್ದಾ?" ಅಂದರು. ಜಗಲಿಯ ಮೂಲೆಯಲ್ಲಿ ಅಮ್ಮ ಗೋಡೆಗೊರಗಿ ಕೂತಿದ್ದರು. ಎಂಬತ್ತು ದಾಟಿದೆ. ಕಣ್ಣು ಮಂಜು, ಕಿವಿ ಚುರುಕು. ಹಳೇ ಕಥೆ ಹೇಳಿದೆ. "ಸಿನ್ಮಾ ಪೇಪರಿನೋರಾ! ಅವತ್ತು ಎರಡ್ನೇ ಸಲ ಅನ್ನ ಬೇಡ ಅಂದ್ರಲಾ" ಅಂದರು. ನೋಡಿ, ನಾನು ದುಡ್ಡಿನ ಲೆಕ್ಕ ಇಟ್ಟುಕೊಂಡಿದ್ದೆ, ಅವರು ಅನ್ನದ ಲೆಕ್ಕ ಇಟ್ಟುಕೊಂಡಿದ್ದರು.

ಆ ರಾತ್ರಿಯ ಊಟವನ್ನು ಏನಂತ ಬಣ್ಣಿಸಲಿ! ಒಂದೆಲಗದ ತಂಬುಳಿ. ಅದು ಮೊದಲು, ಅದಕ್ಕೆ ಅನ್ನ ಕಡಿಮೆ, ತಂಬುಳಿ ಜಾಸ್ತಿ. ಆಮೇಲೆ ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ, ಸೌತೆಕಾಯಿ ಮಜ್ಜಿಗೆ ಹುಳಿ. ಎಲೆಯ ತುದಿಯಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ, ಕಚ್ಚಿದರೆ ಕಟುಂ ಅನ್ನಬೇಕು. ಈ ಅಪ್ಪೆಮಿಡಿಯ ಮರಗಳು ಹೊಳೆಯಂಚಿನಲ್ಲಿ ಬೆಳೆಯುತ್ತವೆ, ಮರಮರಕ್ಕೂ ಪರಿಮಳ ಬೇರೆ. ಒಂದಕ್ಕೆ ಜೀರಿಗೆ ವಾಸನೆ, ಇನ್ನೊಂದಕ್ಕೆ ಕರ್ಪೂರದ್ದು. ಫ್ರೆಂಚರು ವೈನಿನ ಲೋಟಕ್ಕೆ ಮೂಗಿಟ್ಟು ಯಾವ ತೋಟದ್ದು ಅನ್ನುತ್ತಾರಲ್ಲ, ಅಮ್ಮ ಒಂದು ಮಿಡಿ ಮೂಸಿ ಯಾವ ಹಳ್ಳದ ಮರದ್ದು ಅಂತ ಹೇಳಿಬಿಟ್ಟರು! ಊಟದ ಮೇಲೆ ಕವಳ. ಬೆಳಿಗ್ಗೆ ತೆಳ್ಳೇವು, ಜೋನಿಬೆಲ್ಲ, ತುಪ್ಪ. ಏಳು ತೆಳ್ಳೇವಿನ ನಂತರ ಎಣಿಸುವುದನ್ನು ಬಿಟ್ಟೆ.

ಫ್ರಾನ್ಸಿನಲ್ಲಿ ಇಂಥ ಮನೆಗಳಿಗೆ ಕಾನೂನೇ ಇದೆ: ಐದು ಕೋಣೆ, ಹದಿನೈದು ಅತಿಥಿಗಳಿಗಿಂತ ಹೆಚ್ಚಿಗೆ ಇಟ್ಟುಕೊಳ್ಳುವಂತಿಲ್ಲ. ಊಟಕ್ಕೆ ಮನೆಯಲ್ಲಿ ಮಾಡಿದ್ದೇ ಅಡುಗೆ, ಮನೆಯವರ ಮೇಜಿನಲ್ಲೇ. ಒಳ್ಳೇ ಕಾನೂನು! ನಮ್ಮ ಮಲೆನಾಡಿನಲ್ಲೂ ಕೆಲವರು ಹೋಂ ಸ್ಟೇ ಹೆಸರಲ್ಲಿ ಕಾಡು ನಡುಗುವಂತೆ ಡಿ.ಜೆ. ಹಾಕಿ ಗೋಬಿ ಮಂಚೂರಿ ಬಡಿಸುತ್ತಿದ್ದಾರೆ, ಅವರಿಗೆ ಇದನ್ನು ಓದಿ ಹೇಳಬೇಕು. ಆದರೆ ಒಂದು ವ್ಯತ್ಯಾಸ. ಅಲ್ಲಿ ಯಜಮಾನ ಜೊತೆಗೇ ಕೂತು ಉಣ್ಣುತ್ತಾನೆ. ಇಲ್ಲಿ ಸೊಸೆ ಬಗ್ಗಿ ಬಗ್ಗಿ ಬಡಿಸಿ, ನಾವು ಕೈ ತೊಳೆದ ಮೇಲೆ ಒಳಗೆ ಹೋಗಿ ಒಬ್ಬರೇ ಉಂಡರು. ನನಗೆ ಅದು ಗಂಟಲಲ್ಲಿ ಸಿಕ್ಕಿಕೊಂಡಿತು.

ಮಾರನೇ ದಿನ ಅವರೇ ತೋಟ ತೋರಿಸಿದರು. ಎತ್ತಿ ನೋಡಿದರೆ ಸೋಗೆಯ ತುಂಬ ಕಂದು ಚುಕ್ಕಿ. ಎಲೆಚುಕ್ಕಿ ರೋಗ. 2022ರಲ್ಲಿ ಈ ಸೀಮೆಯ ತೋಟಗಳಲ್ಲಿ ವ್ಯಾಪಕವಾಗಿ ಹಬ್ಬಿದ್ದು ಇನ್ನೂ ಕಾಡುತ್ತಿದೆ. ಕೊಳೆಗೆ ಬಗ್ಗಿದ ಹಾಗೆ ಇದು ಬೋರ್ಡೋ ಒಂದಕ್ಕೇ ಬಗ್ಗುತ್ತಿಲ್ಲ. "ಮುಂಚೆ ಬರ್ತಿದ್ದ ಅಡಿಕೇಲಿ ಅರ್ಧ ಇಲ್ಲ ಸರ್. ಮೈದುನ ಬೆಂಗ್ಳೂರು ಸೇರಿದ. ನಮ್ಮನೆಯವ್ರಿಗೆ ತೋಟ ಬಿಡಕ್ಕೆ ಮನಸ್ಸಿಲ್ಲ. ಹೆಂಚು ತಿರುವಿ ಹೊದೆಸಿದ್ದು ಈ ಬೋರ್ಡಿನ ದುಡ್ಡಲ್ಲೇ" ಅಂದರು.

ಬೋರ್ಡು ನೋಡಿ ಮುಖ ಸಿಂಡರಿಸಿದ್ದಕ್ಕೆ ನಾಚಿಕೆಯಾಯಿತು. ಮೂವತ್ತು ಚಿಲ್ಲರೆ ವರ್ಷದ ಹಿಂದೆ ಬಿಟ್ಟಿ ಉಂಡವನು, ಈಗಲೂ ಬಿಟ್ಟಿಯೇ ಸಿಗಲಿ ಅಂತ ಆಸೆಪಟ್ಟಿದ್ದೆನೇ?

"ಎಷ್ಟಾಯ್ತು?" ಎಂದೆ. ಸೊಸೆ ಜಗಲಿಯ ಕಡೆ ನೋಡಿ ದನಿ ತಗ್ಗಿಸಿದರು. "ಇಲ್ಲಿ ಬೇಡ. ಅತ್ತೆ ಎದುರಿಗೆ ದುಡ್ಡು ತಗಳಲ್ಲ. ಬಂದೋರೆಲ್ಲ ಗಂಡನ ಸ್ನೇಹಿತ್ರು ಅಂತ ಹೇಳಿಟ್ಟಿದೀನಿ." ಮನೆಯೊಳಗೆ ಹೇಗೂ ನೆಟ್‌ವರ್ಕ್ ಇಲ್ಲ. ಇಬ್ಬರೂ ಕೊಟ್ಟಿಗೆ ಹಿಂದಿನ ದಿಬ್ಬ ಹತ್ತಿ, ಕೈ ಮೇಲೆತ್ತಿ ಫೋನು ಆಡಿಸಿ, ಕಳ್ಳ ವ್ಯವಹಾರದವರ ಹಾಗೆ ದುಡ್ಡು ಸಂದಾಯ ಮಾಡಿದೆವು. ಯಾವ ಪತ್ತೇದಾರಿ ಚಿತ್ರದಲ್ಲೂ ಇಂಥ ದೃಶ್ಯ ಕಂಡಿಲ್ಲ!

ಹೊರಡಲು ಅಮ್ಮನ ಕಾಲಿಗೆ ನಮಸ್ಕರಿಸಿದೆ. ಸೊಸೆ ಒಳಗೆ ಹೋದದ್ದನ್ನು ಹೆಜ್ಜೆ ಸಪ್ಪಳದಲ್ಲೇ ತಿಳಿದು ಅಮ್ಮ ಮೆಲ್ಲಗೆ ಕೇಳಿದರು:

"ದಿಬ್ಬ ಹತ್ತಿ ಬಂದ್ರಾ?"

ನನ್ನ ಬಾಯಿ ಕಟ್ಟಿತು.

"ಗಂಡಂಗೆ ಅಷ್ಟು ಸ್ನೇಹಿತ್ರು ಎಲ್ಲಿಂದ ಬಂದ್ರು ಅಂತ ನಂಗೆ ಗೊತ್ತಾಗಲ್ವಾ? ಅವಳಿಗೆ ಹೇಳ್ಬೇಡಿ. ಚೌಕಾಶಿ ಮಾಡ್ಲಿಲ್ಲ ಅಲ್ದಾ?"

"ಇಲ್ಲಮ್ಮ."

"ಹಾಂಗಾರೆ ಸರಿ." ಪಕ್ಕದಲ್ಲಿದ್ದ ಮಿಡಿ ಉಪ್ಪಿನಕಾಯಿ ಶೀಶೆಯನ್ನು ನನ್ನ ಕಡೆ ತಳ್ಳಿದರು. "ಇದು ನನ್ನದು."

ಶಿವಮೊಗ್ಗ ಮುಟ್ಟುವಷ್ಟರಲ್ಲಿ ಶೀಶೆಯ ಮುಚ್ಚಳ ಸಡಿಲವಾಗಿ ರಸವೆಲ್ಲ ಬ್ಯಾಗಿಗೆ ಇಳಿದಿತ್ತು. ಎರಡು ಅಂಗಿ ಹಾಳು. ಮಿಡಿಗಳು ಮಾತ್ರ ಅಷ್ಟೂ ಇದ್ದವು, ಎಣಿಸಿ ನೋಡಿದೆ.