ಟಿವಿ ಪೆಟ್ಟಿಗೆ: ಬೆಲೆಗೆ ಮೊದಲು ಬೆನ್ನು ನೋಡಿ

ಅಂತರ್ಜಾಲದ ಸಿನಿಮಾ ನೋಡಲು ಹಳೆಯ ಟಿವಿಯನ್ನು ಮಾರಬೇಕಿಲ್ಲ. ಒಂದು ಸ್ಟ್ರೀಮಿಂಗ್ ಪೆಟ್ಟಿಗೆಯೋ ಸ್ಟಿಕ್ಕೋ ಸಾಕು. ಆದರೆ ಬೆಲೆ ಕೇಳುವ ಮೊದಲು ಟಿವಿಯ ಬೆನ್ನು ನೋಡಿ. ಅಲ್ಲಿ ಎಚ್‌ಡಿಎಂಐ ಪೋರ್ಟ್ ಇರಬೇಕು. ಕೆಂಪು, ಬಿಳಿ, ಹಳದಿ ತೂತುಗಳಷ್ಟೇ ಇದ್ದರೆ ಇಂದಿನ ಸ್ಟಿಕ್‌ಗಳನ್ನು ನೇರವಾಗಿ ಸಿಕ್ಕಿಸಲಾಗದು.

ಟಿವಿಯೇ 4ಕೆ ಅಲ್ಲದಿದ್ದರೆ 4ಕೆ ಪೆಟ್ಟಿಗೆ ತಂದರೂ ಚಿತ್ರದ ಸ್ಪಷ್ಟತೆ ಹೆಚ್ಚದು. ಇಂಟರ್ನೆಟ್ ವೇಗವನ್ನೂ ನೋಡಿಕೊಳ್ಳಿ. ಫುಲ್ ಎಚ್‌ಡಿಗೆ ಸೆಕೆಂಡಿಗೆ 5 ಮೆಗಾಬಿಟ್, 4ಕೆಗೆ 15 ಮೆಗಾಬಿಟ್ ಬೇಕೆನ್ನುತ್ತದೆ ನೆಟ್‌ಫ್ಲಿಕ್ಸ್.

ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಪೆಟ್ಟಿಗೆಗಳ ಬಗ್ಗೆ ಎಚ್ಚರ. ವೈಡ್‌ವೈನ್ ಎಲ್1 ಮಾನ್ಯತೆ ಇಲ್ಲದವುಗಳಲ್ಲಿ ನೆಟ್‌ಫ್ಲಿಕ್ಸ್ ಚಿತ್ರ ಎಚ್‌ಡಿಯಲ್ಲಿ ಬಾರದು. 2023ರಲ್ಲಿ ಇಂಥ ಕೆಲವು ಪೆಟ್ಟಿಗೆಗಳಲ್ಲಿ ಗಿರಾಕಿಯ ಕೈಸೇರುವ ಮೊದಲೇ ವೈರಸ್ಸಿನಂಥ ಕಳ್ಳ ತಂತ್ರಾಂಶ ಹೊಕ್ಕಿದ್ದು ಪತ್ತೆಯಾಗಿತ್ತು. ನಾಲ್ಕು ಕಾಸು ಉಳಿಸಲು ಹೋಗಿ ಮನೆಯ ಹಿತ್ತಿಲ ಬಾಗಿಲು ತೆರೆದಿಡುವುದು ಜಾಣತನವಲ್ಲ!