ಗಳಗನಾಥರನ್ನು ಹುಡುಕಿದ್ದು

ಹೋದ ಬೇಸಿಗೆಯಲ್ಲಿ ಹಾವೇರಿಯಿಂದ ಬಂದ ಅಪ್ಪನಿಗೆ ಎರಡೇ ದಿನಕ್ಕೆ ಬೇಸರ ಬಂತು. ಬಿಬವೇವಾಡಿಯ ನಮ್ಮ ಬಾಡಿಗೆ ಮನೆಯಲ್ಲಿ ಇರುವ ಕನ್ನಡ ಪುಸ್ತಕಗಳೆಂದರೆ, ಊರಿಗೆ ಹೋದಾಗಲೆಲ್ಲ ಬ್ಯಾಗಿನ ಸಂದಿಯಲ್ಲಿ ತುರುಕಿಕೊಂಡು ಸ್ವಾರಗೇಟಿನಲ್ಲಿ ಇಳಿಸಿದ ಹದಿನೈದಿಪ್ಪತ್ತು. ಅವನ್ನೆಲ್ಲ ಅವರು ಓದಿದ್ದರು. “ಗಳಗನಾಥರದು ಒಂದರ ಸಿಗತದೇನು ನೋಡಪಾ, ನಿನ್ನ ಕಂಪ್ಯೂಟರಿನಾಗ” ಎಂದರು.

ಪುಣೆಯಲ್ಲಿ ಕೂತು ಕೇಳಲು ತಕ್ಕ ಹೆಸರೇ. ವೆಂಕಟೇಶ ತಿರಕೋ ಕುಲಕರ್ಣಿ ಗಳಗನಾಥ (1869–1942) ಇದೇ ಪುಣೆಯ ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು.

ಇಂಟರ್ನೆಟ್ ಆರ್ಕೈವ್‌ನಲ್ಲಿ ಕನ್ನಡದಲ್ಲೇ ಹೆಸರು ಹಾಕಿದೆ. ಏನೂ ಬರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹಾಕಿದೆ. ಆಗಲೂ ಇಲ್ಲ. ಎಂ.ಟೆಕ್. ಮಾಡಿದ ಮಗ ಸೋತದ್ದನ್ನು ಅಪ್ಪ ಸುಮ್ಮನೆ ನೋಡುತ್ತಿದ್ದರು. ಅರ್ಧ ಗಂಟೆಯ ಮೇಲೆ ಬೇರೆ ಯಾವುದೋ ಪುಸ್ತಕದ ದಾಖಲೆ ನೋಡುವಾಗ ಗುಟ್ಟು ತಿಳಿಯಿತು. ಅಲ್ಲಿ ‘ಳ’ ಬಂದಲ್ಲಿ ಎಲ್ ಅಕ್ಷರದ ಪಕ್ಕ ಒಂದು ಅಪಾಸ್ಟ್ರಫಿ. ‘ಟ’, ‘ಡ’ಗಳಿಗೂ ಹಾಗೆಯೇ. ದೀರ್ಘಕ್ಕೆ ಎರಡು ಎ. ನಾವು ವಾಟ್ಸ್ಆ್ಯಪ್‌ನಲ್ಲಿ ಕನ್ನಡ ಬರೆಯುವ ರೀತಿ ಇದಲ್ಲ. ಎಲ್ಲ ದಾಖಲೆಗಳಲ್ಲೂ ಒಂದೇ ರೀತಿ ಇದ್ದಿದ್ದರೆ ಕಲಿತುಬಿಡಬಹುದಿತ್ತು, ಅದೂ ಇಲ್ಲ. ಹೀಗೆ ಬದಲಿಸಿ ಬದಲಿಸಿ ಹಾಕಿದ ಮೇಲೆ ಗಳಗನಾಥರು ಸಿಕ್ಕರು.

ತೆರೆದರೆ ಮೊದಲಿಗೆ ಕಂಡದ್ದು ಉಸ್ಮಾನಿಯಾ ವಿಶ್ವವಿದ್ಯಾಲಯ ಗ್ರಂಥಾಲಯದ ಚೀಟಿ: ಕೈಬರಹದ ಕಾಲ್ ನಂಬರ್, ಲೇಖಕರ ಹೆಸರು, ಇಂಥ ದಿನದೊಳಗೆ ಪುಸ್ತಕ ಹಿಂತಿರುಗಿಸಬೇಕೆಂಬ ಸೂಚನೆ. “ಹೈದರಾಬಾದಿನಾಗ ಕನ್ನಡ ಪುಸ್ತಕ ಹ್ಯಾಂಗ?” ಎಂದರು ಅಪ್ಪ. 1918ರಲ್ಲಿ ನಿಜಾಮರು ಕಟ್ಟಿದ ವಿಶ್ವವಿದ್ಯಾಲಯ ಅದು. ಬೀದರ, ಕಲಬುರಗಿ, ರಾಯಚೂರು 1956ರವರೆಗೂ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಭಾಗದ ನಮ್ಮ ಹುಡುಗರು ಓದಲು ಹೋಗುತ್ತಿದ್ದದ್ದು ಅಲ್ಲಿಗೇ. ಅಲ್ಲಿ ಕನ್ನಡ ವಿಭಾಗವೂ ಇತ್ತು. ರಾಜ್ಯ ಒಡೆಯಿತು, ಪುಸ್ತಕಗಳು ಅಲ್ಲೇ ಉಳಿದವು. 2000ದ ನಂತರ ಅಮೆರಿಕದ ಕಾರ್ನೆಗಿ ಮೆಲನ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಜೊತೆಗೂಡಿ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿದಾಗ ಅವೂ ಸೇರಿಕೊಂಡವು. ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ದ ಮೂಲ ತಾಣ ಮುಚ್ಚಿಹೋದರೂ ಪ್ರತಿಗಳು ಆರ್ಕೈವ್‌ನಲ್ಲಿವೆ.

ಸ್ಕ್ಯಾನ್ ಮಾಡುವುದು ದೊಡ್ಡ ಕೆಲಸ, ಒಪ್ಪುತ್ತೇನೆ. ಆದರೆ ಹೆಸರು ತಪ್ಪಾಗಿ ಬರೆದ ಪುಸ್ತಕ ಕಪಾಟಿನ ಹಿಂದೆ ಬಿದ್ದ ಪುಸ್ತಕವಿದ್ದ ಹಾಗೆ. ಇದನ್ನು ಅರಿತ ‘ಸಂಚಯ’ದ ಗೆಳೆಯರು ಈ ಶೀರ್ಷಿಕೆಗಳನ್ನು ಕನ್ನಡ ಲಿಪಿಗೆ ತಂದು ‘ಪುಸ್ತಕ ಸಂಚಯ’ ಎಂಬ ಹುಡುಕುತಾಣ ಮಾಡಿದ್ದಾರೆ. ಅದನ್ನು ಮೊದಲೇ ನೋಡಿದ್ದರೆ ನನ್ನ ಅರ್ಧ ಗಂಟೆ ಉಳಿಯುತ್ತಿತ್ತು. ನೀವು ಅಲ್ಲಿಂದಲೇ ಶುರು ಮಾಡಿ.

ಹಕ್ಕುಸ್ವಾಮ್ಯದ ಮಾತೂ ಇದೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಅದು ಇರುತ್ತದೆ. ಗಳಗನಾಥರ ಕೃತಿಗಳಿಗೆ ಅದು ಎಂದೋ ಮುಗಿದಿದೆ. ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿದ ಆಲೂರು ವೆಂಕಟರಾಯರು ತೀರಿಕೊಂಡದ್ದು 1964ರಲ್ಲಿ; ಅವರ ಬರಹಗಳು 2025ರ ಜನವರಿ 1ರಿಂದ ಮುಕ್ತ. ಅದೇ ಕಾಲೇಜಿನ ಬೇಂದ್ರೆಯವರದಕ್ಕೆ 2041 ಮುಗಿಯಬೇಕು. ಆರ್ಕೈವ್‌ನಲ್ಲಿ ಕಂಡದ್ದೆಲ್ಲ ಮುಕ್ತವೆಂದು ತಿಳಿಯಬೇಡಿ.

ಅಪ್ಪ ಮೂರು ದಿನ ಲ್ಯಾಪ್‌ಟಾಪ್ ಬಿಟ್ಟುಕೊಡಲಿಲ್ಲ. ನಾನು ಆಫೀಸಿನ ಕೆಲಸಕ್ಕೆ ಕೂತರೆ ಪಕ್ಕದಲ್ಲಿ ಕೆಮ್ಮುತ್ತಿದ್ದರು. ನಾಲ್ಕನೇ ದಿನ ಕರೆದು ತೋರಿಸಿದರು: ನಡುವೆ ಎರಡು ಪುಟಗಳಿಲ್ಲ, ಅದೂ ಕೋಟೆಯ ಬಾಗಿಲು ತೆರೆಯುವ ಹೊತ್ತಿಗೆ. ಸ್ಕ್ಯಾನ್ ಮಾಡುವಾಗ ಬಿಟ್ಟದ್ದೋ, ಪುಸ್ತಕದಲ್ಲೇ ಹರಿದದ್ದೋ. ಕಾಲ್ ನಂಬರನ್ನು ಅಪ್ಪ ತಮ್ಮ ಡೈರಿಯಲ್ಲಿ ಬರೆದುಕೊಂಡಿದ್ದಾರೆ. ದೀಪಾವಳಿ ರಜೆಗೆ ಇಬ್ಬರೂ ಹೈದರಾಬಾದಿಗೆ ಹೋಗುವುದೆಂದು ಮಾತಾಗಿದೆ.